ಮೊದಲು ಕೆರೆ ದಂಡೆಗೆ, ಆಮೇಲೆ ಗೈಡ್ ಹತ್ತಿರ

ಪತ್ರ: ನಾನು ಯಲಹಂಕದವಳು. 2023ರಲ್ಲಿ ಬಿಎಸ್ಸಿ ಸೇರಿದೆ, ಈಗ ಆರನೇ ಸೆಮಿಸ್ಟರ್. ನಾಲ್ಕನೇ ವರ್ಷ ಆನರ್ಸ್ ತಗೊಂಡು ‘ಬೆಂಗಳೂರಿನ ಕೆರೆಗಳ ಮಾಲಿನ್ಯ’ದ ಬಗ್ಗೆ ಸಂಶೋಧನೆ ಮಾಡುವ ಆಸೆ. ಒಂದು ವರ್ಷ ಸುಮ್ನೆ ಹಾಳು ಅನ್ನುತ್ತಾರೆ ಅಮ್ಮ. ಹೇಗೆ ತಯಾರಾಗಲಿ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಆದರೆ ವಿಷಯ ವಿಪರೀತ ದೊಡ್ಡದು. ಬೆಂಗಳೂರಿನ ಕೆರೆಗಳು ಅಂದರೆ ಬೆಳ್ಳಂದೂರಿನಿಂದ ಹೆಸರಘಟ್ಟದವರೆಗೆ ಎಲ್ಲವೂ ಬಂತು, ಒಂದು ವರ್ಷದಲ್ಲಿ ಒಬ್ಬರ ಕೈಲಿ ಆಗುವ ಕೆಲಸ ಅಲ್ಲ ಅದು.

ನಿಮಗೆ ಜಕ್ಕೂರು ಕೆರೆ ಹತ್ತಿರ ಅಲ್ವಾ? ಅಲ್ಲಿ ಕೊಳಚೆ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆಗೆ ಸೇರುತ್ತದೆ. ಜೌಗಿಗೆ ಮುಂಚೆ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು, ದಾಟಿದ ಮೇಲೆ ಎಷ್ಟು? ಈ ಒಂದು ಪ್ರಶ್ನೆ ಸಾಕು. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದವರು ಬೆಂಗಳೂರಿನ ಕೆರೆಗಳ ಬಗ್ಗೆ ಬರೆದ ವರದಿಗಳು ಅವರ ಜಾಲತಾಣದಲ್ಲೇ ಸಿಗುತ್ತವೆ, ಮೊದಲು ಅವನ್ನು ಓದಿ.

ಓದುತ್ತಲೇ ಕೂರಬೇಡಿ. ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ನೀರು ತೆಗೆಯಿರಿ, ಅದೇ ಜಾಗದಲ್ಲಿ ಮಧ್ಯಾಹ್ನ ಎರಡಕ್ಕೆ ಮತ್ತೆ ತೆಗೆಯಿರಿ. ಪಾಚಿ ಜಾಸ್ತಿ ಇದ್ದ ಕಡೆ ಆ ಎರಡು ಹೊತ್ತಿನ ಆಮ್ಲಜನಕದ ಅಂಕಿಗಳಿಗೂ ಎಷ್ಟೊಂದು ವ್ಯತ್ಯಾಸ ಬರುತ್ತದೆ ನೋಡಿ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ನೀರಿನ ಜೀವಿಗಳೆಲ್ಲ ಉಸಿರಾಡಿ ಅದನ್ನು ಖಾಲಿ ಮಾಡುತ್ತವೆ, ಹಾಗಾಗಿ ಬೆಳಗಾಗುವ ಹೊತ್ತಿಗೆ ಅದು ತೀರಾ ಕಡಿಮೆ. ಒಂದು ಜಾಗದ ನೀರನ್ನು ಬೆಳಿಗ್ಗೆ, ಇನ್ನೊಂದರದ್ದನ್ನು ಮಧ್ಯಾಹ್ನ ತಂದು ಹೋಲಿಸಿದರೆ ಇಡೀ ವರ್ಷದ ದುಡಿಮೆ ನೀರಲ್ಲಿ ಹೋಮ. ಇದನ್ನು ಈಗಲೇ ಕಂಡುಕೊಳ್ಳಿ.

ಕೈಯೂ ಪಳಗಬೇಕು. ಆಮ್ಲಜನಕ ಅಳೆಯಲು ನೀರು ತುಂಬುವ 300 ಮಿಲಿ ಗಾಜಿನ ಬಾಟಲಿ (ಬಿಒಡಿ ಬಾಟಲಿ) ಮುಚ್ಚುವಾಗ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಟ್ಟಿತು. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಎಂಬ ಎರಡು ರಾಸಾಯನಿಕಗಳನ್ನೂ ಅಲ್ಲೇ ದಂಡೆಯ ಮೇಲೆ ಹಾಕಬೇಕು. ಕಂದು ಗಸಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಅದು ಬೆಳ್ಳಗೇ ಉಳಿಯಿತು ಅಂದರೆ ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಲ್ಯಾಬಿಗೆ ತಂದು, ಆಸಿಡ್ ಹಾಕಿ, ಬ್ಯುರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ, ಪಿಷ್ಟ ಹಾಕಿದಾಗ ಬರುವ ನೀಲಿ ಬಣ್ಣ ಮಾಯವಾಗುವ ಆ ಒಂದು ತೊಟ್ಟನ್ನು ಹಿಡಿಯಲು ಹತ್ತಾರು ಸಲ ಮಾಡಿಯೇ ಕಲಿಯಬೇಕು. ಅಂಕಿಗಳನ್ನು ಪುಸ್ತಕದಲ್ಲೇ ಬರೆಯಿರಿ, ತಾರೀಖು ಮತ್ತು ಹೊತ್ತಿನ ಸಮೇತ. ಡಿಗ್ರಿಯಲ್ಲಿದ್ದಾಗ ನಾನು ಬಿಡಿ ಹಾಳೆಯಲ್ಲಿ ಬರೆದಿಟ್ಟು ಎರಡು ವಾರದ ಕೆಲಸ ಕಳೆದುಕೊಂಡೆ, ಆ ಸಂಕಟ ಇವತ್ತಿಗೂ ಮರೆತಿಲ್ಲ.

ಇಷ್ಟಾದ ಮೇಲೆ ಗೈಡ್ ಹತ್ತಿರ ಹೋಗಿ. ‘ಮೇಡಂ, ಒಂದು ಟಾಪಿಕ್ ಕೊಡಿ’ ಅನ್ನುವವರಿಗೂ, ನಾಲ್ಕು ಶನಿವಾರದ ಅಂಕಿ ಮುಂದಿಟ್ಟು ‘ಇದು ಯಾಕೆ ಹೀಗೆ?’ ಅನ್ನುವವರಿಗೂ ಸಿಗುವ ಗಮನ ಬೇರೆ. ಕೆರೆಯ ಉಸ್ತುವಾರಿ ಕಚೇರಿಯ ಅನುಮತಿಗೆ ಕಾಲೇಜಿನ ಪತ್ರ ಬೇಕಾಗುತ್ತದೆ, ಅದನ್ನೂ ಆಗಲೇ ಕೇಳಿ.

ಇನ್ನು ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಚೌಕಟ್ಟಿನ ಪ್ರಕಾರ ಸಂಶೋಧನೆ ಸಹಿತ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು, ಪ್ರಾಜೆಕ್ಟ್‌ಗೆ 12 ಕ್ರೆಡಿಟ್. ಅಷ್ಟು ಅಂಕ ಇಲ್ಲದಿದ್ದರೂ ಪ್ರಾಜೆಕ್ಟ್ ಬದಲು ಕೋರ್ಸ್‌ಗಳನ್ನು ಓದಿ ಆನರ್ಸ್ ಪಡೆಯಬಹುದು. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು, ಆದರೆ ನಿಮ್ಮ ಬ್ಯಾಚಿಗೆ ನಾಲ್ಕನೇ ವರ್ಷದ ಆಯ್ಕೆ ಉಳಿಸಿದೆ. ನಿಮ್ಮ ಕಾಲೇಜಿನಲ್ಲಿ ಅದು ನಡೆಯುತ್ತದಾ ಅಂತ ಈ ವಾರವೇ ವಿಚಾರಿಸಿ, ಫಲಿತಾಂಶ ಬರುವವರೆಗೆ ಕಾಯಬೇಡಿ.

ಅಮ್ಮನ ಚಿಂತೆ ತಪ್ಪಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದರೆ ಎಂಎಸ್ಸಿ ಇಲ್ಲದೆಯೇ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಅಂತ ಅವರಿಗೆ ಹೇಳಿ. ತಕ್ಷಣ ಸಂಬಳ ಬೇಕಾದ ಮನೆಯಾದರೆ ಮಾತ್ರ ಕೂತು ಲೆಕ್ಕ ಹಾಕಿಯೇ ತೀರ್ಮಾನಿಸಿ. ಮತ್ತೆ, ನೀರು ತೆಗೆಯಲು ಒಬ್ಬರೇ ಇಳಿಯಬೇಡಿ. ಬಾಟಲಿ ಹಿಡಿಯಲು ಹೇಗೂ ಇನ್ನೊಬ್ಬರು ಬೇಕು, ಮೊದಲ ಶನಿವಾರ ಅಮ್ಮನನ್ನೇ ಕರೆದುಕೊಂಡು ಹೋಗಿ.