ಕಾರ್ಡಿನಲ್ಲಿ ಒತ್ತಕ್ಷರ ಕಲಸಿಹೋದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಡುಕಪ್ಪು ವಿಸಿಟಿಂಗ್ ಕಾರ್ಡು, ಅದರ ಮೇಲೆ ತೆಳ್ಳನೆಯ ಬಿಳಿ ಅಕ್ಷರ ಈಗ ಫ್ಯಾಷನ್ ಅಂದರು, ಮಾಡಿಸಿದೆವು. ಅಚ್ಚಾಗಿ ಬಂದಾಗ ‘ಲಕ್ಷ್ಮೀ’ಯ ಒತ್ತು ಕಲಸಿಹೋಗಿದೆ, ‘ವಸ್ತ್ರ’ ಹೋಗಿ ‘ವಸ್‌ತ್‌ರ’ ಆಗಿದೆ. ಡಿಸೈನರ್ ಪ್ರೆಸ್ಸನ್ನು ತೋರಿಸುತ್ತಾರೆ, ಪ್ರೆಸ್ಸಿನವರು ಡಿಸೈನರನ್ನು.
– ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. ‘ವಸ್ತ್ರ’ ಒಡೆದದ್ದು ಫೈಲಿನಿಂದ. ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಕಿಲ್ಲದ ಗೆರೆಚಿತ್ರಕ್ಕೆ) ಬದಲಿಸದೆ ಕಳಿಸಿದ್ದಾರೆ. ಪ್ರೆಸ್ಸಿನ ಸಾಫ್ಟ್‌ವೇರಿಗೆ ಒತ್ತು ಜೋಡಿಸಲು ಬಂದಿಲ್ಲ. ಪುಟ ವಿನ್ಯಾಸಕ್ಕೆ ಇನ್‌ಡಿಸೈನ್ ಸಾಫ್ಟ್‌ವೇರ್ ಬಳಸುವವರಾದರೆ ಅದರಲ್ಲಿ ಒತ್ತು ಸರಿಯಾಗಿ ಜೋಡಿಸುವ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿ ಟೈಪ್ ಮಾಡಬೇಕು. ಪ್ರೂಫ್ ಒಪ್ಪಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ ಪಿಡಿಎಫ್ ಕಳಿಸಬೇಕು. ಆಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ. ಹಳೆಯ ನುಡಿ ಫಾಂಟಿನಿಂದ ಯುನಿಕೋಡ್‌ಗೆ ತಂದ ಪಠ್ಯವಾದರೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಅದು ಜಾಗ ತಪ್ಪುವುದು ಮಾಮೂಲು.

ಕಲಸಿಹೋದದ್ದಕ್ಕೆ ಕಾರಣ ಕಪ್ಪು ಬಣ್ಣ. ಕಡುಕಪ್ಪು ಬರಲೆಂದು ನಾಲ್ಕೂ ಇಂಕು ಸೇರಿಸುತ್ತಾರೆ. ಬಿಳಿ ಅಕ್ಷರ ಅಂದರೆ ಇಂಕು ಬೀಳದೆ ಉಳಿದ ಕಾಗದ. ಯಾವುದೋ ಒಂದು ಇಂಕಿನ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಆ ಬಣ್ಣ ಅಕ್ಷರದೊಳಕ್ಕೆ ನುಗ್ಗುತ್ತದೆ. ‘ಕ್ಷ್ಮೀ’ಯಲ್ಲಿ ಮಕಾರದ ಒತ್ತು ಮೊದಲೇ ಚಿಕ್ಕದು, ಅದು ಮುಚ್ಚಿಯೇ ಹೋಗುತ್ತದೆ. ಸಣ್ಣ ಅಕ್ಷರ ಇರುವ ಕಡೆ ಹಿನ್ನೆಲೆಗೆ ಕಪ್ಪು ಇಂಕು ಒಂದೇ ಸಾಕು. ಕಪ್ಪು ತುಸು ಮಾಸಲಾಗಿ ಕಾಣುತ್ತದೆ ನಿಜ, ಆದರೆ ಹೆಸರು ಓದಲು ಬರುತ್ತದೆ. ‘ಲೈಟ್’ ತೂಕದ ಫಾಂಟ್ ಬಿಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಮೀಡಿಯಂ, ಸೆಮಿಬೋಲ್ಡ್ ಇವೆ. 9 ಪಾಯಿಂಟಿಗಿಂತ ಇಳಿಯಬೇಡಿ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ. ಇಂಗ್ಲಿಷಿನ ಲೆಕ್ಕದಲ್ಲಿ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬ್ಲೀಡ್ (ಕಟಿಂಗ್ ಗೆರೆಯ ಆಚೆಗೂ ಚಾಚುವ ಬಣ್ಣ) 3 ಮಿ.ಮೀ. ಇರಲಿ. ಅಕ್ಷರ ಕಟಿಂಗ್ ಗೆರೆಯಿಂದ 4 ಮಿ.ಮೀ. ಒಳಗಿರಬೇಕು ಅನ್ನುವಾಗ ಒತ್ತಿನ ತುದಿಯಿಂದ ಅಳೆಯಿರಿ, ಅಕ್ಷರದ ಬುಡದಿಂದಲ್ಲ.

ಪ್ರಶ್ನೆ: ಲೆಟರ್‌ಹೆಡ್‌ಗೆ ಚಿನ್ನದ ಫಾಯಿಲ್ ಲೋಗೋ ಹಾಕಿಸಬೇಕೆಂದಿದ್ದೇವೆ. ಯಾವ ಕಾಗದ ಒಳ್ಳೆಯದು?
– ಆಡಿಟರ್ ಕಚೇರಿ, ಶಿವಮೊಗ್ಗ

ಉತ್ತರ: ನಿಮ್ಮಲ್ಲಿರುವುದು ಲೇಸರ್ ಪ್ರಿಂಟರ್ ಆಗಿದ್ದರೆ ಫಾಯಿಲ್ ಬೇಡವೇ ಬೇಡ. ಟೋನರ್ ಅಂಟಿಸುವ ರೋಲರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಗೆ ಫಾಯಿಲ್ ಎದ್ದು ರೋಲರಿಗೆ ಅಂಟಿ, ಮುಂದಿನ ಹಾಳೆಗಳ ಮೇಲೆಲ್ಲ ಚುಕ್ಕೆ ಬೀಳುತ್ತದೆ. ಉಬ್ಬು ಇಂಕಿನ ಅಚ್ಚಿಗೂ ಇದೇ ಗತಿ. ಫಾಯಿಲ್ ಕಾರ್ಡಿಗೂ ಫೋಲ್ಡರಿಗೂ ಇರಲಿ. ಲೆಟರ್‌ಹೆಡ್ ಆಫ್‌ಸೆಟ್‌ನಲ್ಲಿ, 90 ಅಥವಾ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಬಾಂಡ್ ಕಾಗದದ ಮೇಲೆ ಅಚ್ಚಾಗಲಿ. ಹೊಳಪಿನ ಆರ್ಟ್ ಪೇಪರ್ ಮೇಲೆ ಸಹಿ, ಸೀಲು ಬೇಗ ಒಣಗುವುದಿಲ್ಲ, ಕೈ ತಾಗಿದರೆ ಒರೆಸಿಹೋಗುತ್ತದೆ.

ಎ4 ಹಾಳೆಯನ್ನು ಮೂರಾಗಿ ಮಡಚಿದರೆ 99 ಮಿ.ಮೀ. ಆಗಿ 110×220 ಕವರಿನೊಳಗೆ ಕೂರುತ್ತದೆ. ಮಡಿಕೆ ಬೀಳುವುದು 99 ಮತ್ತು 198 ಮಿ.ಮೀ. ಹತ್ತಿರ. ಅಲ್ಲಿ ಗಾಢ ಬಣ್ಣದ ಪಟ್ಟಿ ಇದ್ದರೆ ಇಂಕು ಬಿರುಕು ಬಿಡುತ್ತದೆ.

ಪ್ರಶ್ನೆ: ಕಂಪನಿಯ ಲೆಟರ್‌ಹೆಡ್‌ನಲ್ಲಿ ಹೆಸರು, ಫೋನ್ ಮಾತ್ರ ಸಾಕೇ? ಖಾಲಿ ಜಾಗ ಹೆಚ್ಚಿದ್ದರೆ ಅಂದ ಅನ್ನುತ್ತಾರೆ.
– ಪ್ರೈವೇಟ್ ಲಿಮಿಟೆಡ್ ಕಂಪನಿ, ಮೈಸೂರು

ಉತ್ತರ: ಸಾಲದು. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಸರು, ನೋಂದಾಯಿತ ಕಚೇರಿ ವಿಳಾಸ, 21 ಅಕ್ಷರ-ಅಂಕಿಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಫೋನ್, ಇಮೇಲ್ ಇರಲೇಬೇಕು. ವೆಬ್‌ಸೈಟ್, ಫ್ಯಾಕ್ಸ್ ಇದ್ದರೆ ಅವೂ. ಅಡಿಯಲ್ಲಿ 7 ಪಾಯಿಂಟಿನ ಇಂಗ್ಲಿಷ್ ಸಾಲುಗಳಲ್ಲಿ ಮುಗಿಸಿ, ಮೇಲ್ಭಾಗ ಖಾಲಿ ಬಿಡಿ.

ಪ್ರಶ್ನೆ: ಕಾರ್ಡಿನ ಕ್ಯೂಆರ್ ಕೋಡ್ ಕೆಲವು ಫೋನಿಗೆ ಓದಲು ಬರುತ್ತಿಲ್ಲ. ಹೆಸರು, ವಿಳಾಸ ಎಲ್ಲ ಕನ್ನಡದಲ್ಲೇ ತುಂಬಿಸಿದ್ದೇವೆ.
– ನರ್ಸರಿ ಮಾಲೀಕರು, ಶಿರಸಿ

ಉತ್ತರ: ತುಂಬಿಸಿದ್ದೇ ತೊಂದರೆ. ಕಂಪ್ಯೂಟರಿನಲ್ಲಿ ಅಕ್ಷರ ದಾಖಲಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ‘ಕನ್ನಡ’ ಒಂದಕ್ಕೇ 15 ಬೈಟ್ ಹೋಗುತ್ತದೆ. ಬೈಟ್ ಹೆಚ್ಚಿದಷ್ಟೂ ಕೋಡಿನೊಳಗಿನ ಚೌಕಗಳು ಹೆಚ್ಚಿ ಒಂದೊಂದೂ ಸಣ್ಣದಾಗುತ್ತದೆ, ಫೋನಿಗೆ ಓದಲು ಕಷ್ಟ. ಕೋಡಿನಲ್ಲಿ ಚಿಕ್ಕ ವೆಬ್ ವಿಳಾಸ ಮಾತ್ರ ಹಾಕಿ, ಕನ್ನಡದ ವಿವರ ಆ ಪುಟದಲ್ಲಿರಲಿ. ವೆಬ್ ವಿಳಾಸ 42 ಇಂಗ್ಲಿಷ್ ಅಕ್ಷರದೊಳಗಿದ್ದರೆ 29×29 ಚೌಕ ಸಾಕು. ಅಳತೆ 2 ಸೆಂ.ಮೀ.ಗೆ ಕಡಿಮೆ ಬೇಡ, ಸುತ್ತ ನಾಲ್ಕು ಚೌಕದಷ್ಟು ಬಿಳಿ ಬಿಡಿ, ಕೋಡಿನ ಮೇಲೆ ಸ್ಪಾಟ್ ಯುವಿ (ಆಯ್ದ ಜಾಗಕ್ಕಷ್ಟೇ ಹಚ್ಚುವ) ಹೊಳಪು ಬರದಂತೆ ನೋಡಿಕೊಳ್ಳಿ. ಪ್ರೂಫನ್ನು ಹಳೆಯ ಫೋನಿನಲ್ಲೂ ಸ್ಕ್ಯಾನ್ ಮಾಡಿಯೇ ಒಪ್ಪಿಗೆ ಕೊಡಿ.