ಕ್ರಿಕೆಟ್ ಸುದ್ದಿಯಲ್ಲಿ ಪಾಕಿಸ್ತಾನವನ್ನು ‘ದಾಯಾದಿ’ ಅಂತ ಯಾಕೆ ಕರೆಯುತ್ತಾರೆ? ದಾಯಾದಿ ಅಂದರೆ ಶತ್ರುನಾ?

ಚಿಕ್ಕವನಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಪದದ ಅರ್ಥ ಅದಲ್ಲ. ದಾಯ ಅಂದರೆ ಪಿತ್ರಾರ್ಜಿತ ಆಸ್ತಿಯ ಪಾಲು. ಆ ಪಾಲಿನ ಹಕ್ಕುದಾರರೇ ದಾಯಾದಿಗಳು, ಅಂದರೆ ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. 1947ರಲ್ಲಿ ಮನೆ ಪಾಲಾಯಿತು, ಕಾಶ್ಮೀರದ ವ್ಯಾಜ್ಯ ಮಾತ್ರ ಉಳಿಯಿತು, ಹಾಗಾಗಿ ದಾಯಾದಿ. ಪೇಪರಿನವರು ಇಷ್ಟೆಲ್ಲ ಯೋಚಿಸಿದ್ದರೋ, ಸುಮ್ನೆ ತಲೆಬರಹಕ್ಕೆ ಹಿಡಿಸುವ ಪದ ಹುಡುಕಿದ್ದರೋ, ಅಂತೂ ಸರಿಯಾಗಿ ಕೂತಿದೆ. 2023ರ ವಿಶ್ವಕಪ್ ಫೈನಲ್‌ನಲ್ಲಿ ಸೋಲಿಸಿ ಅಳಿಸಿದ್ದು ಆಸ್ಟ್ರೇಲಿಯಾ. ಆದರೂ ಅವರನ್ನು ಯಾರೂ ದಾಯಾದಿ ಅನ್ನಲಿಲ್ಲ, ಅಲ್ವಾ?

ನಮ್ಮಲ್ಲಿ ಶತ್ರು ದೂರದಿಂದ ಬರುವವನಲ್ಲ. ಸಂಸ್ಕೃತದಲ್ಲಿ ‘ಭ್ರಾತೃವ್ಯ’ ಅಂದರೆ ಸೋದರನ ಮಗ, ವೈರಿಯೂ ಹೌದು, ಆ ಎರಡನೇ ಅರ್ಥಕ್ಕೆ ಪಾಣಿನಿ ಬೇರೆ ಸೂತ್ರವನ್ನೇ ಬರೆದಿದ್ದಾನೆ. ‘ಸಪತ್ನ’ ಅಂದರೂ ವೈರಿ, ಅದರ ಹಿಂದಿರುವುದು ಸಪತ್ನಿ, ನಮ್ಮ ಸವತಿ! ಕನ್ನಡದ ಗಾದೆಯಂತೂ ನೇರವಾಗಿದೆ: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ನಮ್ಮದೇ ಹಳೇ ಪದ ‘ಹಗೆ’ ಇದೆ, ಹಳಗನ್ನಡದ ಪಗೆ, ಅದಕ್ಕೆ ನೆಂಟಸ್ತಿಕೆಯ ವಾಸನೆಯಿಲ್ಲ, ಈಗ ಮಾತಿನಲ್ಲಿ ಜಾಸ್ತಿ ಬಳಸುವವರೂ ಇಲ್ಲ. ಹಿತಶತ್ರು ಅನ್ನುವ ಪದ ಮಾತ್ರ ಎಲ್ಲರ ಬಾಯಲ್ಲೂ ಇದೆ. (ಸತ್ತ ರಾಜಕಾರಣಿಗಳೆಲ್ಲ ಪೇಪರಿನಲ್ಲಿ ‘ಅಜಾತಶತ್ರು’ ಆಗುತ್ತಾರೆ ನೋಡಿ, ಅದು ಧರ್ಮರಾಯನ ಹೆಸರು. ಹನ್ನೊಂದು ಅಕ್ಷೋಹಿಣಿ ಸೈನ್ಯವನ್ನು ಎದುರಿಗೆ ನಿಲ್ಲಿಸಿಕೊಂಡವನಿಗೆ ಶತ್ರುವೇ ಹುಟ್ಟಿಲ್ಲವಂತೆ.)

ಸಿನಿಮಾದಲ್ಲೂ ಅಷ್ಟೇ. ವಜ್ರಮುನಿಯವರ ಸಾಹುಕಾರ ಅದೇ ಊರಿನವನು. ಈಗಿನ ವಿಲನ್‌ಗಳು ಎಲ್ಲಿಂದಲೋ ಹೆಲಿಕಾಪ್ಟರಿನಲ್ಲಿ ಇಳಿಯುತ್ತಾರೆ, ಮುಖ ನೆನಪಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಶತ್ರು ರನ್ನನ ದುರ್ಯೋಧನ. ರನ್ನನಿಗೆ ಆಶ್ರಯ ಕೊಟ್ಟ ದೊರೆ ಸತ್ಯಾಶ್ರಯ, ಗದಾಯುದ್ಧದಲ್ಲಿ ಅವನನ್ನು ಭೀಮನಿಗೆ ಸಮೀಕರಿಸಿದ್ದಾನೆ. ಹಾಗಾಗಿ ದುರ್ಯೋಧನ ಕವಿಗೆ ಅಧಿಕೃತ ಶತ್ರು. ಆದರೆ ಎಲ್ಲ ಕಳೆದುಕೊಂಡ ಆ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುತ್ತಾನೆ. ದಾರಿಯಲ್ಲಿ ಅಭಿಮನ್ಯುವಿನ ಹೆಣ. ವೈರಿಯ ಮಗ, ಇವನ ಸ್ವಂತ ಮಗ ಲಕ್ಷಣನನ್ನು ಕೊಂದವನು. ಅದರ ಮುಂದೆ ನಿಂತು ಅವನ ಸಾಹಸಕ್ಕೆ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅಂತ ಕೇಳಿಕೊಳ್ಳುತ್ತಾನೆ. ಸಂಬಂಧದಲ್ಲಿ ಇವನು ಆ ಹುಡುಗನಿಗೆ ದೊಡ್ಡಪ್ಪ ಆಗಬೇಕು.

ಅದನ್ನು ಓದಿದಾಗೆಲ್ಲ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಒಂದು ಬದುವಿನ ವಿಷಯಕ್ಕೆ ಅಪ್ಪನಿಗೂ ಅವರಿಗೂ ಹನ್ನೊಂದು ವರ್ಷ ಮಾತಿರಲಿಲ್ಲ, ಕೇಸೂ ನಡೆಯುತ್ತಿತ್ತು. ಅವರು ತೀರಿಕೊಂಡ ದಿನ ನಮ್ಮನೆಗೂ ಸೂತಕ. ದಾಯಾದಿಗಳಲ್ವಾ, ಹತ್ತು ದಿನ. ಅಪ್ಪ ಒಂದು ದಿನವೂ ಬಿಡದೆ ಆಚರಿಸಿದರು. ಹನ್ನೊಂದನೇ ದಿನ ಅವರ ಮನೆಗೆ ಹೋಗಿ, ಊಟದ ಎಲೆ ಹಾಕಲು ತಾವೇ ಮುಂದೆ ನಿಂತರು. ಕೇಸು ಈಗಲೂ ನಡೀತಿದೆ.