ಗದ್ದಲದಲ್ಲಿ ಮಾತು ಏಕೆ ತಿಳಿಯುವುದಿಲ್ಲ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಮನೆಯಲ್ಲಿ ಅವರಿಗೆ ಎಲ್ಲರ ಮಾತೂ ಕೇಳುತ್ತದೆ. ಕಲ್ಯಾಣ ಮಂಟಪದ ಊಟದ ಪಂಕ್ತಿಯಲ್ಲಿ ಮಾತ್ರ ಪಕ್ಕದವರು ಹೇಳಿದ್ದೂ ತಿಳಿಯುವುದಿಲ್ಲ ಎನ್ನುತ್ತಾರೆ. ಕಿವಿಯ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ದೋಷ ಕಂಡುಬಂದಿಲ್ಲ. ಅವರು ಗಮನ ಕೊಡುತ್ತಿಲ್ಲ ಎಂಬ ಮನೆಯವರ ಮಾತು ಸರಿಯೇ?
– ಓದುಗರೊಬ್ಬರು, ಹಾಸನ

ಉತ್ತರ: ಸರಿಯಲ್ಲ. ಅಂಥ ಕಡೆ ನಿಮ್ಮ ತಂದೆಯವರು ಬಹುಶಃ ಉಳಿದವರಿಗಿಂತ ಹೆಚ್ಚು ಗಮನ ಕೊಟ್ಟೇ ಕೇಳುತ್ತಿರುತ್ತಾರೆ. ಊಟ ಮುಗಿಯುವ ಹೊತ್ತಿಗೆ ದಣಿದಿರುತ್ತಾರೆ ಕೂಡ.

ವಾಲಗ, ಪಾತ್ರೆಗಳ ಸದ್ದು, ಹತ್ತಾರು ಜನರ ಮಾತು ಇವೆಲ್ಲವೂ ಕಿವಿಯ ತಮಟೆಯನ್ನು ತಲುಪುವಾಗ ಒಂದೇ ಕಂಪನವಾಗಿ ಬೆರೆತಿರುತ್ತವೆ. ಅದರಿಂದ ಒಬ್ಬರ ದನಿಯನ್ನು ಬಿಡಿಸಿ ತೆಗೆಯುವ ಕೆಲಸ ಮುಖ್ಯವಾಗಿ ಮಿದುಳಿನದು. ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿ ಎರಡು ಕಿವಿಗಳಿಗೆ ಬೇರೆಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಕೂಡಲೇ ಪುನರುಚ್ಚರಿಸುವಂತೆ ಹೇಳಿದಾಗ, ಇನ್ನೊಂದು ಕಿವಿಯಲ್ಲಿ ಏನು ಹೇಳಲಾಗಿತ್ತು ಎಂಬುದನ್ನು ಕೇಳುಗರು ಹೇಳಲಾಗಲಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು, ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಮೇಲ್ಮೈಯಲ್ಲಿ ವಿದ್ಯುದ್ವಾರಗಳನ್ನು ಇರಿಸಿಕೊಂಡಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಏಕಕಾಲದಲ್ಲಿ ಕೇಳಿಸಿ, ಶ್ರವಣ ಕೇಂದ್ರದ ಚಟುವಟಿಕೆಯಲ್ಲಿ ಮುಖ್ಯವಾಗಿ ಅವರು ಗಮನವಿಟ್ಟ ದನಿಯ ವಿನ್ಯಾಸವೇ ಮೂಡಿರುವುದನ್ನು ಕಂಡರು.

ಈ ಆಯ್ಕೆಗೆ ಮಿದುಳಿಗೆ ಹಲವು ಸುಳಿವುಗಳು ಬೇಕು. ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಷ್ಟು ತಡವಾಗಿ ತಲುಪುತ್ತದೆ. ಅಷ್ಟು ಸಣ್ಣ ಅಂತರವನ್ನು ಅಳೆದು ದಿಕ್ಕನ್ನು ಗುರುತಿಸುವ ನರಕೋಶಗಳು ಮಿದುಳಿನ ಕಾಂಡದಲ್ಲಿವೆ. ದನಿಯ ಸ್ಥಾಯಿ, ಮಾತಿನ ಲಯ, ತುಟಿಗಳ ಚಲನೆ ಇವೂ ನೆರವಿಗೆ ಬರುತ್ತವೆ. ಮಾತಿನ ನಡುವೆ ಒಂದು ಅಕ್ಷರ ಕೆಮ್ಮಿನಲ್ಲಿ ಮುಳುಗಿಹೋದರೆ, ಗೊತ್ತಿರುವ ಭಾಷೆಯ ಆಧಾರದಿಂದ ಮಿದುಳು ಅದನ್ನು ತುಂಬಿಕೊಳ್ಳುತ್ತದೆ, ಮತ್ತು ಆ ಅಕ್ಷರ ನಿಜವಾಗಿಯೂ ಕೇಳಿಸಿತೆಂದೇ ನಮಗೆ ಅನಿಸುತ್ತದೆ.

ವಯಸ್ಸಾದಂತೆ ಈ ಸುಳಿವುಗಳು ಮಸುಕಾಗುತ್ತವೆ. ಸದ್ದಿನ ಕಂಪನವನ್ನು ನರಸಂಕೇತವಾಗಿಸುವ ಒಳಕಿವಿಯ ಕೂದಲುಕೋಶಗಳು ನಶಿಸಿದಾಗ ಹತ್ತಿರಹತ್ತಿರದ ಆವರ್ತನಗಳನ್ನು ಬೇರ್ಪಡಿಸುವ ಶಕ್ತಿ ಕುಗ್ಗುತ್ತದೆ. ಸ, ಶಗಳಂಥ ಹೆಚ್ಚು ಆವರ್ತನದ ವ್ಯಂಜನಗಳು ಮೊದಲು ಮಸುಕಾಗುತ್ತವೆ. ನರಗಳು ಕಾಲದ ಅಂತರವನ್ನು ಮೊದಲಿನಷ್ಟು ನಿಖರವಾಗಿ ಒಯ್ಯುವುದಿಲ್ಲ. ಆದರೆ ಸಾಮಾನ್ಯ ಶ್ರವಣ ಪರೀಕ್ಷೆ ಅಳೆಯುವುದು ನಿಶ್ಶಬ್ದ ಕೋಣೆಯಲ್ಲಿ ಎಷ್ಟು ಮೆಲ್ಲಗಿನ ನಾದ ಕೇಳುತ್ತದೆ ಎಂಬುದನ್ನು. ಅದರಲ್ಲಿ ಉತ್ತೀರ್ಣರಾದವರೂ ಗದ್ದಲದಲ್ಲಿ ಕಷ್ಟಪಡಬಹುದು ಎಂಬುದನ್ನು ಮನೆಯವರು ದಯವಿಟ್ಟು ತಿಳಿಯಬೇಕು.

ಗದ್ದಲದ ಹಿನ್ನೆಲೆಯಲ್ಲಿ ಮಾತನ್ನು ಗುರುತಿಸುವ ಪ್ರತ್ಯೇಕ ಪರೀಕ್ಷೆಗಳಿವೆ. ಶ್ರವಣತಜ್ಞರನ್ನು ಅದಕ್ಕಾಗಿಯೇ ಕೇಳಿ. ನಿಮಗೆ ಮೈಸೂರು ದೂರವಲ್ಲವಾದ್ದರಿಂದ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಬಹುದು. ಶ್ರವಣ ಸಾಧನ ಬೇಕೆಂದು ತಜ್ಞರು ಹೇಳಿದರೆ, ಎದುರಿನ ದನಿಗೆ ಆದ್ಯತೆ ಕೊಡುವ ಮೈಕ್ರೋಫೋನ್ ಇರುವುದನ್ನು ಪರಿಶೀಲಿಸಿ. ಅಲ್ಲಿಯವರೆಗೆ ಮಂಟಪದಲ್ಲಿ ಅವರನ್ನು ಧ್ವನಿವರ್ಧಕದಿಂದ ದೂರ, ಗೋಡೆಗೆ ಬೆನ್ನು ಮಾಡಿ ಕೂರಿಸಿ, ಮುಖ ಕಾಣುವಂತೆ ಎದುರಿನಿಂದ ಮಾತನಾಡಿ. ಕೂಗಬೇಡಿ, ಏಕೆಂದರೆ ಕೂಗಿದಾಗ ಸ್ವರಗಳು ಜೋರಾಗುವಷ್ಟು ವ್ಯಂಜನಗಳು ಜೋರಾಗುವುದಿಲ್ಲ. ತಿಳಿಯದ ವಾಕ್ಯವನ್ನು ಬೇರೆ ಪದಗಳಲ್ಲಿ, ಸ್ವಲ್ಪ ನಿಧಾನವಾಗಿ ಹೇಳಿ.